ಯಾವ ಪಾತ್ರವಾದರೂ ಸರಿ ಎನ್ನಬೇಡಿ

‘ಮೇಡಂ, ಒಂದ್ ಚಾನ್ಸ್ ಕೊಡಿ, ಯಾವ ಪಾತ್ರ ಆದ್ರೂ ಮಾಡ್ತೀನಿ.’ ಕಾಸ್ಟಿಂಗ್ ಕೆಲಸದಲ್ಲಿರುವ ನನ್ನ ಫೋನಿಗೆ ದಿನವೂ ಬರುವ ಸಂದೇಶ ಇದು. ಜೊತೆಗೆ ಕಪ್ಪು ಕನ್ನಡಕ ಹಾಕಿ ಬೈಕಿಗೆ ಒರಗಿ ನಿಂತ ಫೋಟೊ. ಬರೆದವರ ಹಂಬಲದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಯಾವ ಊರು, ಎಷ್ಟು ವಯಸ್ಸು, ಮಾತು ಹೇಗಿದೆ, ಒಂದೂ ತಿಳಿಯುವುದಿಲ್ಲ. ಯಾವುದಾದರೂ ಸರಿ ಎಂದವರನ್ನು ಯಾವ ಪಾತ್ರಕ್ಕೆಂದು ನೆನಪಿಟ್ಟುಕೊಳ್ಳಲಿ?

ನಟರು ಒಂದನ್ನು ನಂಬಬೇಕು. ನಿಮಗೆ ಪಾತ್ರ ಬೇಕಿರುವಷ್ಟೇ ನಮಗೂ ನಟರು ಬೇಕು. ಶೂಟಿಂಗ್ ಹತ್ತಿರ ಬಂದರೂ ಕುಂದಾಪ್ರ ಕನ್ನಡ ಸಲೀಸಾಗಿ ಆಡುವ ಐವತ್ತರ ಆಸುಪಾಸಿನ ಹೆಂಗಸು ಸಿಗದೆ ನಾವು ಪರದಾಡಿದ್ದುಂಟು. ಬೇಡುವ ಧಾಟಿ ಬಿಡಿ, ನಿಮ್ಮಲ್ಲಿ ಏನಿದೆಯೋ ಅದನ್ನು ಹೇಳಿ.

ಸಿಂಧನೂರು ಕಡೆಯ ಹುಡುಗನೊಬ್ಬ ಕಳಿಸಿದ ವಿಡಿಯೊ ಇನ್ನೂ ನನ್ನ ಬಳಿ ಇದೆ. ಖಾಲಿ ಗೋಡೆಯ ಮುಂದೆ ನಿಂತು, ಕಿಟಕಿ ಬೆಳಕಿಗೆ ಮುಖ ಕೊಟ್ಟು ಹೆಸರು, ವಯಸ್ಸು, ಎತ್ತರ ಹೇಳಿದ. ಎಡಕ್ಕೊಮ್ಮೆ, ಬಲಕ್ಕೊಮ್ಮೆ ತಿರುಗಿದ. ಆಮೇಲೆ ಬೆಳೆಸಾಲ ಕೇಳಲು ಮ್ಯಾನೇಜರ್ ಮುಂದೆ ಕೂತ ರೈತನಾಗಿ, ತನ್ನೂರಿನ ಮಾತಿನಲ್ಲೇ ಮಾತಾಡಿದ. ಎಲ್ಲೂ ದನಿ ಏರಿಸಲಿಲ್ಲ. ಮ್ಯಾನೇಜರ್ ಉತ್ತರಕ್ಕೆ ಕಾಯುವ ಆ ಗಳಿಗೆಯಲ್ಲಿ ಅವನ ಹೆಬ್ಬೆರಳು ಪಾಸ್‌ಬುಕ್ಕಿನ ಅಂಚನ್ನು ಉಜ್ಜುತ್ತಿತ್ತು. ಮ್ಯೂಸಿಕ್ ಇಲ್ಲ, ಫಿಲ್ಟರ್ ಇಲ್ಲ, ಸ್ಟಾರ್ ಡೈಲಾಗಿನ ಅನುಕರಣೆ ಇಲ್ಲ. ಎರಡು ನಿಮಿಷವೂ ಇಲ್ಲ. ಕೆಳಗೆ, ‘ಟ್ರ್ಯಾಕ್ಟರ್ ಓಡಿಸ್ತೀನಿ, ಈಜು ಬರ್ತದ, ಸುಗ್ಗಿ ಮುಗಿದ ಮ್ಯಾಲ ಬಿಡುವು ಅದ’ ಎಂದು ಬರೆದಿದ್ದ. ಅದನ್ನು ಹಾಗೇ ನಿರ್ದೇಶಕರಿಗೆ ಕಳಿಸಿದೆ.

ಕನ್ನಡದ ಎಲ್ಲ ಸಿನಿಮಾಗಳಲ್ಲೂ ಕಾಸ್ಟಿಂಗ್ ಡೈರೆಕ್ಟರ್ ಇರುವುದಿಲ್ಲ. ಎಷ್ಟೋ ಕಡೆ ಸಹ ನಿರ್ದೇಶಕರೇ ಆ ಹೊಣೆ ಹೊರುತ್ತಾರೆ. ಯಾರೆಂದು ವಿಚಾರಿಸಿಕೊಂಡು ಬರೆಯಿರಿ. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡುವುದು, ದಿನಾ ‘ನೋಡಿದ್ರಾ’ ಎಂದು ಕೇಳುವುದು ಬೇಡ. ಮುಂದಿನ ಸಂದೇಶಕ್ಕೆ ಹೊಸ ಸುದ್ದಿ ಇರಲಿ. ರಂಗಶಂಕರದಲ್ಲೋ ಕಲಾಗ್ರಾಮದಲ್ಲೋ ನಿಮ್ಮ ನಾಟಕವಿದ್ದರೆ ತಾರೀಕು ತಿಳಿಸಿ, ನಾವು ಬರುತ್ತೇವೆ. ‘ನಾನು ಅವನಲ್ಲ ಅವಳು’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ನಟ ವಿಜಯ್ ತಮ್ಮ ನಾಟಕ ತಂಡ ‘ಸಂಚಾರಿ’ಯನ್ನು ಕೊನೆಯವರೆಗೂ ಹೆಸರಿನ ಮುಂದೆ ಇಟ್ಟುಕೊಂಡಿದ್ದರು. ನಟ ಸತೀಶ್ ಹೆಸರಿನೊಂದಿಗೆ ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ ಇದೆ. ಅವಕಾಶ ಹುಡುಕುವವರು ರಂಗಭೂಮಿಯನ್ನು ಬರೀ ಮೆಟ್ಟಿಲು ಎಂದುಕೊಂಡರೆ ನನಗೆ ನೋವಾಗುತ್ತದೆ.

ಇನ್ನು ದುಡ್ಡಿನ ಮಾತು. ನಮಗೆ ಸಂಬಳ ಕೊಡುವವರು ನಿರ್ಮಾಪಕರು. ನೋಂದಣಿ ಶುಲ್ಕ, ಪೋರ್ಟ್‌ಫೋಲಿಯೊ ಖರ್ಚು ಎಂದು ಯಾರಾದರೂ ನಟರ ಬಳಿ ಹಣ ಕೇಳಿದರೆ ಅಲ್ಲಿಗೇ ಮಾತು ಮುಗಿಸಿ. ಮಲಯಾಳಂ ಚಿತ್ರರಂಗದಲ್ಲಿ ಮಹಿಳೆಯರು ಎದುರಿಸುವ ಕಿರುಕುಳ ಬಿಚ್ಚಿಟ್ಟ ಕೇರಳದ ನ್ಯಾಯಮೂರ್ತಿ ಹೇಮಾ ಸಮಿತಿಯ ವರದಿ 2024ರ ಆಗಸ್ಟ್‌ನಲ್ಲಿ ಹೊರಬಂದ ಮೇಲೆ ಹೆಣ್ಣುಮಕ್ಕಳಿಗೆ ಇದನ್ನು ಇನ್ನಷ್ಟು ಒತ್ತಿ ಹೇಳುತ್ತಿದ್ದೇನೆ: ಆಡಿಷನ್ ಹಗಲು ಹೊತ್ತಿನಲ್ಲಿ, ಕಚೇರಿಯಲ್ಲೇ ಆಗಲಿ, ಜೊತೆಗೆ ಒಬ್ಬರನ್ನು ಕರೆದುಕೊಂಡು ಬನ್ನಿ. ನಿರ್ಮಾಣ ಸಂಸ್ಥೆ ಯಾವುದು, ನಿರ್ದೇಶಕರು ಯಾರು, ಸಂಭಾವನೆ ಎಷ್ಟು ಎಂದು ಮೊದಲೇ ಕೇಳಿ. ಕೇಳಿದ್ದಕ್ಕೆ ಮುನಿಸಿಕೊಳ್ಳುವವರ ಹತ್ತಿರ ಹೋಗಲೇಬೇಡಿ.