ಮಾತಿಗೆ ಜಾಮೀನು ಯಾರು?



ಮನೆಯಲ್ಲಿ ಮದುವೆಯ ಮಾತುಕತೆ ನಡೆಯುವಾಗ, ಆಸ್ತಿ ಪಾಲಾಗುವಾಗ, ಸಾಲ ಕೊಡುವಾಗ ಒಬ್ಬ ಮಧ್ಯಸ್ಥರು ಇದ್ದೇ ಇರುತ್ತಾರೆ. "ಅವನ ಮಾತಿಗೆ ನಾನಿದ್ದೇನೆ" ಎಂದು ಅವರು ಹೇಳಿದರೆ ನಮ್ಮ ಅರ್ಧ ಭಯ ಕಳೆಯುತ್ತದೆ. ಆ ಒಂದು ಮಾತಿನ ಭಾರ ಎಷ್ಟೆಂದು ತಿಳಿಯಬೇಕಾದರೆ ಸಾವಿರ ವರ್ಷಗಳ ಹಿಂದಿನ ಒಂದು ಘಟನೆಯನ್ನು ಕೇಳಿ.

ಯುರೋಪಿನ ಆಗ್ನೇಯ ಭಾಗವನ್ನು ಬಾಲ್ಕನ್ ಎನ್ನುತ್ತಾರೆ. ಅಲ್ಲಿ ಇಂದಿನ ಮಾಂಟೆನೆಗ್ರೊ ದೇಶವಿರುವ ಕಡೆ ಆಗ ದುಕ್ಲ್ಯಾ ಎಂಬ ಪುಟ್ಟ ಸ್ಲಾವ್ ಸಂಸ್ಥಾನವಿತ್ತು. ಯೊವಾನ್ ವ್ಲಾದಿಮಿರ್ ಅದರ ಅರಸ. ಪೂರ್ವಕ್ಕೆ ಬಲ್ಗೇರಿಯಾದ ಬಲಿಷ್ಠ ದೊರೆ ಸಮುಯಿಲ್. ಅವನು ದಂಡೆತ್ತಿ ಬಂದಾಗ ವ್ಲಾದಿಮಿರ್ ತನ್ನ ಜನರೊಂದಿಗೆ ಬೆಟ್ಟವೇರಿದ. ಕೊನೆಗೆ, ತನ್ನಿಂದಾಗಿ ಜನ ಸಾಯುವುದು ಬೇಡವೆಂದು ತಾನೇ ಇಳಿದು ಬಂದು ಶರಣಾದನೆಂದು ದುಕ್ಲ್ಯಾದ ಪಾದ್ರಿಯದೆಂದು ಹೇಳಲಾಗುವ ಹಳೆಯ ಚರಿತ್ರೆ ಹೇಳುತ್ತದೆ.

ಸಮುಯಿಲನ ಮಗಳು ಕೊಸಾರಾ ಕೈದಿಗಳ ಕಾಲು ತೊಳೆಯಲೆಂದು ಸೆರೆಮನೆಗೆ ಹೋದಳಂತೆ. ಅಲ್ಲಿ ವ್ಲಾದಿಮಿರನ ವಿನಯ ಕಂಡು, ಇವನನ್ನೇ ಮದುವೆಯಾಗುತ್ತೇನೆಂದು ತಂದೆಯಲ್ಲಿ ಕೇಳಿಕೊಂಡಳಂತೆ. ಇದರಲ್ಲಿ ಕಥೆಯ ಬಣ್ಣ ಸೇರಿದೆ ಎನ್ನುತ್ತಾರೆ ಇತಿಹಾಸಕಾರರು. ಆದರೆ ವ್ಲಾದಿಮಿರ್ ಸಮುಯಿಲನ ಅಳಿಯನಾದದ್ದನ್ನು ಗ್ರೀಕ್ ಚರಿತ್ರೆಕಾರ ಸ್ಕೈಲಿಟ್ಸೀಸ್ ಕೂಡಾ ಬರೆದಿದ್ದಾನೆ. ಮಾವ ಅಳಿಯನಿಗೆ ರಾಜ್ಯವನ್ನು ಮರಳಿಸಿದ.

1014ರಲ್ಲಿ ಸಮುಯಿಲ್ ತೀರಿಕೊಂಡ. ಮರುವರ್ಷವೇ ಅವನ ಮಗನನ್ನು ದಾಯಾದಿ ಇವಾನ್ ಕೊಂದು ಪಟ್ಟವೇರಿದ. ಇವಾನನ ಕಣ್ಣು ಈಗ ವ್ಲಾದಿಮಿರನ ಮೇಲೆ ಬಿತ್ತು. ಸ್ನೇಹದ ನೆಪದಲ್ಲಿ ಪ್ರೆಸ್ಪಾ ಸರೋವರದ ಬಳಿಯ ತನ್ನ ಅರಮನೆಗೆ ಕರೆಸಿದ. ಕೊಸಾರಾ ಗಂಡನನ್ನು ತಡೆದಳು. ತನ್ನ ಸಹೋದರನನ್ನು ಕೊಂದವನು ಗಂಡನನ್ನು ಬಿಟ್ಟಾನೆಯೇ? ಮೊದಲು ತಾನೇ ಹೋಗಿ ನೋಡುತ್ತೇನೆಂದು ಹೊರಟಳು. ಇವಾನ್ ಅವಳನ್ನು ಬಹಳ ಗೌರವದಿಂದ ಕಂಡ. ಆ ಗೌರವವೂ ಬಲೆಯೇ ಆಗಿತ್ತು.

ಬಳಿಕ ಇವಾನ್ ಪ್ರಾಣಭಯವಿಲ್ಲವೆಂದು ಆಣೆಯಿಟ್ಟು ಒಂದು ಚಿನ್ನದ ಶಿಲುಬೆ ಕಳುಹಿಸಿದ. ವ್ಲಾದಿಮಿರ್ ಅದನ್ನು ಒಪ್ಪಲಿಲ್ಲ. ನಮ್ಮ ಧರ್ಮದ ಶಿಲುಬೆ ಮರದ್ದು, ಚಿನ್ನದ್ದಲ್ಲ, ಮರದ ಶಿಲುಬೆಯನ್ನು ಧರ್ಮಗುರುಗಳ ಕೈಯಲ್ಲಿ ಕಳುಹಿಸು ಎಂದ. ಅಂದರೆ ಅವನಿಗೆ ಬೇಕಾದದ್ದು ಚಿನ್ನದ ಬೆಲೆಯಲ್ಲ, ಸಜ್ಜನರ ಜಾಮೀನು. ಇಬ್ಬರು ಬಿಷಪ್‌ಗಳು, ಒಬ್ಬ ಸನ್ಯಾಸಿ ಮರದ ಶಿಲುಬೆ ಹಿಡಿದು ಬಂದರು. ವ್ಲಾದಿಮಿರ್ ನಂಬಿ ಹೊರಟ.

1016ರ ಮೇ 22. ಪ್ರೆಸ್ಪಾ ತಲುಪಿದವನು ಮೊದಲು ಚರ್ಚಿಗೆ ಹೋಗಿ ಪ್ರಾರ್ಥಿಸಿದ. ಹೊರಗೆ ಸೈನಿಕರು ಸುತ್ತುವರಿದರು. ಆಣೆ ತಂದ ಬಿಷಪ್‌ಗಳು ತಲೆ ತಗ್ಗಿಸಿದರು. ಚರ್ಚಿನ ಬಾಗಿಲಲ್ಲೇ ಅವನ ತಲೆ ಕಡಿಯಲಾಯಿತು. ಆಣೆಯ ಮೋಸವನ್ನು ಸ್ಕೈಲಿಟ್ಸೀಸ್ ಕೂಡಾ ದಾಖಲಿಸಿದ್ದಾನೆ. ಅವನ ಪ್ರಕಾರ ಆಣೆಯನ್ನು ಮುಟ್ಟಿಸಿದವರು ಬಲ್ಗೇರಿಯಾದ ಆರ್ಚ್‌ಬಿಷಪ್ ಡೇವಿಡ್.

ಇವಾನನಿಗೆ ದಕ್ಕಿದ್ದೇನು? 1018ರಲ್ಲಿ ದುರಸ್ ಪಟ್ಟಣದ ಮುತ್ತಿಗೆಯಲ್ಲಿ ಅವನು ಸತ್ತ. ಅದೇ ವರ್ಷ ಬಲ್ಗೇರಿಯಾ ಬೈಜಾಂಟಿಯಮ್ ಚಕ್ರವರ್ತಿಯ ವಶವಾಯಿತು. ಕೊಸಾರಾ ಗಂಡನ ದೇಹವನ್ನು ತಂದು ಸ್ಕಾದರ್ ಸರೋವರದ ಸಮೀಪ ದಫನ ಮಾಡಿಸಿದಳು. ಸನ್ಯಾಸಿನಿಯಾಗಿ ಬಾಳಿ, ಅವನ ಪಾದದ ಬಳಿಯೇ ಮಣ್ಣಾದಳು.

ಆ ಸೀಮೆಗೆ ಶತಮಾನಗಳ ಬಳಿಕ ಉಸ್ಮಾನೀ ಆಳ್ವಿಕೆ ಬಂತು, ಅನೇಕರು ಮುಸ್ಲಿಮರಾದರು. ಆದರೂ ನೆನಪು ಅಳಿಯಲಿಲ್ಲ. ವ್ಲಾದಿಮಿರನ ಕೈಯಲ್ಲಿತ್ತೆಂದು ನಂಬಲಾದ ಶಿಲುಬೆಯನ್ನು ಬಾರ್ ಪಟ್ಟಣದ ಬಳಿಯ ರೂಮಿಯಾ ಬೆಟ್ಟಕ್ಕೆ ವರ್ಷಕ್ಕೊಮ್ಮೆ ಒಯ್ಯುವಾಗ ಆರ್ಥೊಡಾಕ್ಸ್, ಕ್ಯಾಥೊಲಿಕ್ ಕ್ರೈಸ್ತರೊಂದಿಗೆ ಅಲ್ಲಿನ ಮುಸ್ಲಿಮರೂ ಹೆಜ್ಜೆ ಹಾಕುತ್ತಾ ಬಂದಿದ್ದಾರೆ. ಮೋಸಹೋದವನ ಮೇಲಿನ ಕನಿಕರಕ್ಕೆ ಜಾತಿ ಇಲ್ಲ.

ಸಹೋದರಿಯರೇ, ಇವಾನನಂಥವರು ಎಲ್ಲ ಕಾಲದಲ್ಲೂ ಇರುತ್ತಾರೆ. ನನಗೆ ಕಾಡುವುದು ಆ ಶಿಲುಬೆ ಹೊತ್ತು ಹೋದವರ ಮುಖ. ಅವರಿಗೆ ಸಂಚು ಗೊತ್ತಿರಲಿಲ್ಲವೆಂದೇ ಇಟ್ಟುಕೊಳ್ಳೋಣ. ಆದರೂ ಅವರ ಒಳ್ಳೆಯ ಹೆಸರಿಲ್ಲದಿದ್ದರೆ ಆ ಕೊಲೆ ನಡೆಯುತ್ತಿರಲಿಲ್ಲ. ನಾಳೆ ಯಾರದೋ ಮಗಳ ಸಂಬಂಧಕ್ಕೆ "ಹುಡುಗ ಒಳ್ಳೆಯವನು, ನಾನು ಬಲ್ಲೆ" ಎನ್ನುವ ಮೊದಲು ನಿಜಕ್ಕೂ ಬಲ್ಲೆವೇ ಎಂದು ಒಮ್ಮೆ ಕೇಳಿಕೊಳ್ಳಿ. ಮತ್ತು ಮನೆಯ ಹೆಣ್ಣೊಬ್ಬಳು "ನನಗೇಕೋ ಸಂಶಯ" ಎಂದಾಗ ಅದನ್ನು ತಳ್ಳಿಹಾಕಬೇಡಿ. ಕೊಸಾರಾಳ ಮೊದಲ ಸಂಶಯವೇ ಸರಿಯಾಗಿತ್ತು.