ವಿದ್ಯುತ್ ಕಾರಿಗೆ ತಂಪು ಎಲ್ಲಿಂದ?

ಕಲಬುರಗಿ, ರಾಯಚೂರುಗಳ ಬೇಸಿಗೆಯಲ್ಲಿ ಪಾದರಸ 40 ಡಿಗ್ರಿ ದಾಟುವುದು ಹೊಸದೇನಲ್ಲ. ಇಂಥ ಬಿಸಿಲಿನಲ್ಲಿ ವಿದ್ಯುತ್ ಕಾರಿನ ಬ್ಯಾಟರಿಗೆ ಎರಡು ಹೊರೆ: ಚಕ್ರ ತಿರುಗಿಸುವುದು ಮತ್ತು ಒಳಗಿರುವವರನ್ನು ತಂಪಾಗಿಡುವುದು. ಎ.ಸಿ. ಬಳಸಿದ ಪ್ರತಿ ಯೂನಿಟ್ ವಿದ್ಯುತ್ತೂ ಕ್ರಮಿಸಬೇಕಾದ ದೂರದಿಂದಲೇ ಕಳೆದುಹೋಗುತ್ತದೆ. ಆದ್ದರಿಂದಲೇ ಕಂಪ್ರೆಸರ್ ಇಲ್ಲದ, ಅನಿಲ ಬೇಡದ ತಂಪುಕಾರಕದ ಮಾತು ಪದೇ ಪದೇ ಕೇಳಿಬರುತ್ತಿದೆ.

ಇದರ ತತ್ವ ಹಳೆಯದು. ಎರಡು ಭಿನ್ನ ವಾಹಕಗಳ ಬೆಸುಗೆಯ ಮೂಲಕ ವಿದ್ಯುತ್ ಹರಿದಾಗ ಒಂದು ತುದಿ ತಣ್ಣಗಾಗಿ ಇನ್ನೊಂದು ಬಿಸಿಯಾಗುವುದನ್ನು ಫ್ರಾನ್ಸಿನ ಜೀನ್ ಪೆಲ್ಟಿಯರ್ 1834ರಲ್ಲಿ ಗುರುತಿಸಿದರು. ಇಂದಿನ ಥರ್ಮೋಎಲೆಕ್ಟ್ರಿಕ್ ಬಿಲ್ಲೆಗಳಲ್ಲಿ ಬಿಸ್ಮತ್ ಟೆಲ್ಯುರೈಡ್ ಎಂಬ ಅರೆವಾಹಕವಿದೆ. ಅಲುಗುವ ಭಾಗಗಳಿಲ್ಲ, ಸದ್ದಿಲ್ಲ, ಸೋರುವ ಅನಿಲವಿಲ್ಲ. ವಿದ್ಯುತ್ತಿನ ದಿಕ್ಕು ಬದಲಿಸಿದರೆ ಅದೇ ಬಿಲ್ಲೆ ಚಳಿಗಾಲದಲ್ಲಿ ಬಿಸಿಯನ್ನೂ ಕೊಡುತ್ತದೆ.

ಲೆಕ್ಕ ತಪ್ಪುವುದೆಲ್ಲಿ?

ತೊಡಕಿರುವುದು ದಕ್ಷತೆಯಲ್ಲಿ. ಬಿಸಿಲಿನಲ್ಲಿ ನಿಂತ ಕಾರಿನಿಂದ 3 ಕಿಲೋವ್ಯಾಟ್ ಶಾಖ ಹೊರಹಾಕಬೇಕೆಂದು ಇಟ್ಟುಕೊಂಡರೆ, ಒಂದು ಯೂನಿಟ್‌ಗೆ ಎರಡು ಯೂನಿಟ್ ಶಾಖ ಸಾಗಿಸುವ ಕಂಪ್ರೆಸರಿಗೆ 1.5 ಕಿಲೋವ್ಯಾಟ್ ಸಾಕು. ಒಳಗಿನ ತಂಪಿಗೂ ಹೊರಗಿನ ಬಿಸಿಗೂ 40 ಡಿಗ್ರಿಯಷ್ಟು ಅಂತರವಿದ್ದಾಗ ಪೆಲ್ಟಿಯರ್ ಬಿಲ್ಲೆ ಒಂದು ಯೂನಿಟ್‌ಗೆ ಸುಮಾರು ಅರ್ಧ ಯೂನಿಟ್ ಶಾಖವನ್ನಷ್ಟೇ ಸಾಗಿಸಬಲ್ಲದು. ಅಂದರೆ ಅದೇ ಕೆಲಸಕ್ಕೆ 6 ಕಿಲೋವ್ಯಾಟ್. 30 ಯೂನಿಟ್ ಸಾಮರ್ಥ್ಯದ ಬ್ಯಾಟರಿಯಲ್ಲಿ ಗಂಟೆಗೆ ಮೊದಲನೆಯದು ಶೇ. 5ರಷ್ಟು ಬಳಸಿದರೆ ಎರಡನೆಯದು ಶೇ. 20ರಷ್ಟನ್ನು ನುಂಗುತ್ತದೆ. ಎರಡು ಗಂಟೆಗಳ ಪ್ರಯಾಣದಲ್ಲಿ ಬ್ಯಾಟರಿಯ ಐದನೇ ಎರಡು ಭಾಗ ತಂಪಿಗೇ ಮುಡಿಪು!

ಇದು ತಯಾರಕರ ಅಜಾಗರೂಕತೆಯಲ್ಲ, ವಸ್ತುವಿನ ಮಿತಿ. ವಿದ್ಯುತ್ತನ್ನು ಸರಾಗವಾಗಿ ಹರಿಯಗೊಟ್ಟು ಶಾಖವನ್ನು ತಡೆಯುವ ಪದಾರ್ಥ ಬೇಕು. ಈ ಎರಡು ಗುಣಗಳು ಒಂದೆಡೆ ಸೇರುವುದು ಅಪರೂಪ. ಟೆಲ್ಯುರಿಯಂ ಕೂಡ ತಾಮ್ರದ ಶುದ್ಧೀಕರಣದ ಉಪೋತ್ಪನ್ನವಾಗಿ ದೊರೆಯುವ ವಿರಳ ಧಾತು.

ಕಾರಿಗಲ್ಲ, ಕೂತವರಿಗೆ

ಆದರೂ ಈ ತಂತ್ರಜ್ಞಾನ ಕಾರಿನಲ್ಲಿ ಒಂದು ಜಾಗ ಗಿಟ್ಟಿಸಿಕೊಂಡಿದೆ. ಅದು ಆಸನ. ಅಮೆರಿಕದ ಅಮೆರಿಗಾನ್ ಕಂಪನಿ ಪೆಲ್ಟಿಯರ್ ಬಿಲ್ಲೆಯಿಂದ ತಂಪಾದ ಗಾಳಿಯನ್ನು ರಂಧ್ರಗಳುಳ್ಳ ಆಸನದ ಮೂಲಕ ಹಾಯಿಸುವ ವ್ಯವಸ್ಥೆಯನ್ನು ಮಾರುಕಟ್ಟೆಗೆ ತಂದಿತು. 1994ರಲ್ಲಿ ಬೆಂಗಳೂರಿನ ಮೈನಿ ಸಮೂಹದೊಡನೆ ಕೈಜೋಡಿಸಿ ರೇವಾ ವಿದ್ಯುತ್ ಕಾರಿನ ಉದ್ಯಮಕ್ಕೆ ಬುನಾದಿ ಹಾಕಿದ್ದೂ ಇದೇ ಕಂಪನಿ. 2012ರಲ್ಲಿ ಅದರ ಹೆಸರು ಜೆಂಥರ್ಮ್ ಎಂದಾಯಿತು. ಇಡೀ ಕಾರಿನ ಗಾಳಿಯ ಬದಲು ಬೆನ್ನು, ತೊಡೆಗಳಿಗಷ್ಟೇ ತಂಪು ನೀಡುವುದರಿಂದ ಶಾಖದ ಹೊರೆಯೂ ತಾಪದ ಅಂತರವೂ ತಗ್ಗುತ್ತವೆ; ಅಲ್ಲಿ ಬಿಲ್ಲೆಯ ದೌರ್ಬಲ್ಯ ಅಷ್ಟಾಗಿ ಕಾಡದು. ಕೂತವರಿಗೆ ಹಾಯೆನಿಸಿದರೆ ಮುಖ್ಯ ಎ.ಸಿ.ಯನ್ನು ಒಂದೆರಡು ಡಿಗ್ರಿ ಸಡಿಲಿಸಲೂಬಹುದು.

ಅನಿಲದ ಸಮಸ್ಯೆ ಕಡೆಗಣಿಸುವಂಥದ್ದಲ್ಲ. ಆರ್-134ಎ ಇಂಗಾಲದ ಡೈ ಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಭೂತಾಪಕಾರಿ. 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅನುಮೋದಿಸಿದೆ. ಅದರನ್ವಯ ಇಂಥ ಅನಿಲಗಳ ಬಳಕೆಗೆ 2028ರಿಂದ ಮಿತಿ ಬೀಳಬೇಕು. ಆದರೆ ಅನಿಲ ಉಳಿಸಲು ನಾಲ್ಕು ಪಟ್ಟು ವಿದ್ಯುತ್ ಸುರಿದರೆ, ಬಹುಪಾಲು ಕಲ್ಲಿದ್ದಲನ್ನೇ ನೆಚ್ಚಿದ ದೇಶದಲ್ಲಿ ಹೊಗೆ ಕಾರಿನಿಂದ ಸ್ಥಾವರದ ಚಿಮಣಿಗೆ ಸ್ಥಳಾಂತರವಾದೀತು ಅಷ್ಟೆ. ಕಡಿಮೆ ತಾಪಕಾರಿಯಾದ ಆರ್-1234ವೈಎಫ್‌ನಂಥ ಬದಲಿ ಅನಿಲಗಳು ಈಗಾಗಲೇ ಬಳಕೆಯಲ್ಲಿವೆ.

ಉತ್ತಮ ಪದಾರ್ಥ ದೊರೆಯುವವರೆಗೆ ಪೆಲ್ಟಿಯರ್ ಬಿಲ್ಲೆ ಎ.ಸಿ.ಗೆ ಸಹಾಯಕವೇ ಹೊರತು ಉತ್ತರಾಧಿಕಾರಿಯಲ್ಲ. ‘ಅನಿಲರಹಿತ ಎ.ಸಿ.’ ಎಂಬ ಜಾಹೀರಾತು ಕಂಡ ಗ್ರಾಹಕ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಒಂದು ಯೂನಿಟ್‌ಗೆ ಎಷ್ಟು ತಂಪು?