ಹಲವು ವೃತ್ತಿಗಳ ಒಬ್ಬ ವಿದ್ಯಾರ್ಥಿ: ರಾಹುಲ ಸಾಂಕೃತ್ಯಾಯನ

ಒಂದೇ ಉದ್ಯೋಗದಲ್ಲಿ ನೆಲೆನಿಂತು, ಕ್ರಮಕ್ರಮವಾಗಿ ಮೇಲೇರಿ, ನಿವೃತ್ತಿಯ ದಿನ ಹಾರ ತುರಾಯಿಗಳನ್ನು ಸ್ವೀಕರಿಸಿದವರ ಜೀವನವನ್ನು ಸ್ಮರಣ ಸಂಚಿಕೆಗಳಲ್ಲಿ ಬರೆಯುವುದು ಸುಲಭ. ಒಂದು ಊರಿನಲ್ಲಿ ನಿಲ್ಲದೆ, ಒಂದು ಕಾಯಕಕ್ಕೆ ಕಟ್ಟುಬೀಳದೆ, ತೊಟ್ಟ ಹೆಸರನ್ನೂ ಬದಲಿಸುತ್ತ ನಡೆದವರನ್ನು ಕುರಿತು ಬರೆಯಹೊರಟಾಗ ಲೇಖನಿ ತಡೆಯುತ್ತದೆ. ಅಂಥವರಿಗೆ ‘ಚಂಚಲಚಿತ್ತರು’ ಎಂಬ ಬಿರುದು ಸಿದ್ಧವಾಗಿಯೇ ಇರುತ್ತದೆ. ಈ ಬಿರುದು ಎಷ್ಟು ಅವಸರದ್ದೆಂಬುದಕ್ಕೆ ಪಂಡಿತ ರಾಹುಲ ಸಾಂಕೃತ್ಯಾಯನರ ಜೀವನವೇ ಸಾಕ್ಷಿ.

1893ರ ಏಪ್ರಿಲ್ 9ರಂದು ಇಂದಿನ ಉತ್ತರಪ್ರದೇಶದ ಆಜಮಗಢ ಜಿಲ್ಲೆಯ ಪಂದಹಾ ಗ್ರಾಮದಲ್ಲಿ ಹುಟ್ಟಿದ ಈ ಮಹನೀಯರ ಮೊದಲ ಹೆಸರು ಕೇದಾರನಾಥ ಪಾಂಡೆ. ಮಾತಾಮಹರು ದಖ್ಖಣದಲ್ಲಿ ಸಿಪಾಯಿಯಾಗಿದ್ದವರು. ಅವರು ಹೇಳುತ್ತಿದ್ದ ಬೇಟೆಯ, ಪ್ರವಾಸದ ಕಥೆಗಳು ಬಾಲಕನಿಗೆ ಮೊದಲ ಭೂಗೋಳಪಾಠಗಳಾದವು. ಶಾಲಾ ಶಿಕ್ಷಣ ಉರ್ದು ಮಿಡಲ್ ತರಗತಿಯೊಂದಿಗೆ ಮುಗಿಯಿತು. ಅದರಾಚೆಗೆ ಯಾವ ವಿಶ್ವವಿದ್ಯಾಲಯದ ಪದವಿಪತ್ರವೂ ಅವರ ಕೈಯಲ್ಲಿರಲಿಲ್ಲವೆಂಬುದನ್ನು ಶಿಕ್ಷಕ ಬಂಧುಗಳು ಗಮನಿಸಬೇಕು.

ಹದಿಹರೆಯದಲ್ಲಿಯೇ ಮನೆ ಬಿಟ್ಟು ಕಲಕತ್ತೆಗೆ ಓಡಿದರು. ಕಾಶಿಯಲ್ಲಿ ಸಂಸ್ಕೃತ ಕಲಿತರು. 1912ರಲ್ಲಿ ಬಿಹಾರದ ಸಾರಣ ಜಿಲ್ಲೆಯ ಪರಸಾ ಮಠದಲ್ಲಿ ವೈಷ್ಣವ ದೀಕ್ಷೆ ಪಡೆದು ಸಾಧುವಾದರು. ಮಹಂತರ ಉತ್ತರಾಧಿಕಾರಿಯಾಗುವ ಯೋಗವೂ ಕೂಡಿಬಂದಿತ್ತು. ಭೂಮಿ ಕಾಣಿಗಳಿದ್ದ ಪೀಠವದು. ಅದನ್ನು ಬಿಟ್ಟು ದಕ್ಷಿಣದ ತೀರ್ಥಕ್ಷೇತ್ರಗಳತ್ತ ನಡೆದರು. ಆಗ್ರಾದಲ್ಲಿ ಆರ್ಯಸಮಾಜದ ಉಪದೇಶಕರಾಗಲು ತರಬೇತಿ ಪಡೆದರು. 1921ರಲ್ಲಿ ನಮ್ಮ ಕೊಡಗಿನಲ್ಲಿಯೂ ಕೆಲವು ತಿಂಗಳು ತಂಗಿದ್ದರು. ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಬಿಹಾರಕ್ಕೆ ಮರಳಿ, ಬಕ್ಸರ್ ಹಾಗೂ ಹಜಾರಿಬಾಗ್ ಸೆರೆಮನೆಗಳನ್ನು ಕಂಡರು.

ಇಲ್ಲಿಯವರೆಗಿನ ವೃತ್ತಾಂತವನ್ನು ಓದಿದವರು ‘ಗೊತ್ತುಗುರಿಯಿಲ್ಲದ ಅಲೆದಾಟ’ ಎಂದರೆ ಆಶ್ಚರ್ಯವಿಲ್ಲ. ಆದರೆ 1927ರಲ್ಲಿ ನಡೆದ ಒಂದು ಸಂಗತಿ ಇಡೀ ಚಿತ್ರವನ್ನೇ ಬದಲಿಸಿತು. ಕೊಲಂಬೋ ಸಮೀಪದ ಕೆಲಣಿಯದಲ್ಲಿ ವಿದ್ಯಾಲಂಕಾರ ಪಿರಿವೆನ ಎಂಬ ಬೌದ್ಧ ಮಠದ ವಿದ್ಯಾಸಂಸ್ಥೆಯಿತ್ತು. ಅಲ್ಲಿಯ ಭಿಕ್ಷುಗಳಿಗೆ ಸಂಸ್ಕೃತ ಕಲಿಸುವ ಅಧ್ಯಾಪಕರು ಬೇಕಾಗಿದ್ದರು. ಪದವಿಯಿಲ್ಲದ, ಸೆರೆಮನೆಯಿಂದ ಬಂದ, ಅನ್ಯಮತದ ಸಾಧುವೊಬ್ಬನನ್ನು ಆ ಮಠವು ಬರಮಾಡಿಕೊಂಡಿತು. ಸುಮಾರು ಹತ್ತೊಂಬತ್ತು ತಿಂಗಳ ಅವಧಿಯಲ್ಲಿ ಅವರು ಸಂಸ್ಕೃತ ಕಲಿಸಿದರು, ಪಾಲಿ ಕಲಿತರು, ತ್ರಿಪಿಟಕವನ್ನು ಮಥಿಸಿ ‘ತ್ರಿಪಿಟಕಾಚಾರ್ಯ’ ಎನಿಸಿಕೊಂಡರು. ಭಾರತದಲ್ಲಿ ನಷ್ಟವಾದ ಬೌದ್ಧ ಗ್ರಂಥಗಳು ಟಿಬೆಟ್ಟಿನಲ್ಲಿ ಉಳಿದಿರಬಹುದೆಂಬ ಹಂಬಲ ಆ ದಿನಗಳಲ್ಲಿ ಬಲಿಯಿತು.

1929ರಲ್ಲಿ ವೇಷ ಮರೆಸಿಕೊಂಡು ನೇಪಾಳದ ಹಾದಿಯಿಂದ ಲ್ಹಾಸಾ ತಲುಪಿದರು. ಹಣವಿಲ್ಲ, ಅನುಮತಿಪತ್ರವಿಲ್ಲ, ಇದ್ದದ್ದು ಭಾಷೆಯನ್ನು ಬೇಗನೆ ಕಲಿಯುವ ಶಕ್ತಿ ಮಾತ್ರ. ಲಂಕೆಯಿಂದ ಬಂದ ಹಣದ ನೆರವಿನಿಂದ ಟಿಬೆಟನ್ ಗ್ರಂಥಗಳನ್ನೂ ಚಿತ್ರಪಟಗಳನ್ನೂ ಕೊಂಡು, ಹೇಸರಗತ್ತೆಗಳ ಮೇಲೆ ಹೇರಿಕೊಂಡು ಹಿಂದಿರುಗಿದರು. 1930ರಲ್ಲಿ ಲಂಕೆಯಲ್ಲಿಯೇ ಭಿಕ್ಷುದೀಕ್ಷೆ ಪಡೆದು ರಾಹುಲರಾದರು. ಮುಂದೆ 1934, 1936 ಮತ್ತು 1938ರಲ್ಲಿ ಮತ್ತೆ ಟಿಬೆಟ್ಟಿಗೆ ಹೋದರು. ಸಾಕ್ಯ, ಙೋರ್, ಶಾಲು ಮಠಗಳ ಗ್ರಂಥಾಗಾರಗಳಲ್ಲಿ ಧೂಳು ಹಿಡಿದಿದ್ದ ಸಂಸ್ಕೃತದ ತಾಳೆಗರಿಗಳನ್ನು ಗುರುತಿಸಿ, ಕೆಲವನ್ನು ಕೈಯಿಂದಲೇ ನಕಲಿಳಿಸಿಕೊಂಡರು, ಕೆಲವನ್ನು ಛಾಯಾಚಿತ್ರದಲ್ಲಿ ಹಿಡಿದು ತಂದರು. ಏಳನೆಯ ಶತಮಾನದ ತಾರ್ಕಿಕ ಧರ್ಮಕೀರ್ತಿಯ ‘ಪ್ರಮಾಣವಾರ್ತಿಕ’ವು ಹೀಗೆ ಮತ್ತೆ ಸಂಸ್ಕೃತದಲ್ಲಿ ದೊರಕಿತು, ಅಲ್ಲಿಯವರೆಗೆ ವಿದ್ವಾಂಸರು ಟಿಬೆಟನ್ ಅನುವಾದವನ್ನೇ ಆಶ್ರಯಿಸಬೇಕಾಗಿತ್ತು. ಅವರು ತಂದ ಸಂಗ್ರಹವು ಪಾಟ್ನಾದ ವಸ್ತುಸಂಗ್ರಹಾಲಯದ ಪಾಲಾಯಿತು. ಮಾರಿ ಹಣ ಮಾಡಿಕೊಳ್ಳುವ ಮನಸ್ಸಿದ್ದರೆ ಮಾಡಿಕೊಳ್ಳಬಹುದಾಗಿತ್ತು.

ಮುಂದಿನ ವೃತ್ತಾಂತ ಇನ್ನೂ ವಿಚಿತ್ರ. ಚೀವರ ಬಿಟ್ಟರು, 1939ರಲ್ಲಿ ಸಾರಣ ಜಿಲ್ಲೆಯ ಅಮವಾರಿಯಲ್ಲಿ ರೈತರ ಸತ್ಯಾಗ್ರಹದ ಮುಂದಾಳಾಗಿ ತಲೆಗೆ ಪೆಟ್ಟು ತಿಂದರು, ಕಮ್ಯುನಿಸ್ಟರಾಗಿ ಮತ್ತೆ ಸೆರೆ ಸೇರಿದರು. ‘ವೋಲ್ಗಾದಿಂದ ಗಂಗೆಗೆ’ ಎಂಬ ಅವರ ಪ್ರಸಿದ್ಧ ಕಥಾಮಾಲೆ ಹಜಾರಿಬಾಗ್ ಸೆರೆಮನೆಯ ಫಲ. 1945ರಿಂದ 1947ರವರೆಗೆ ಲೆನಿನ್‌ಗ್ರಾಡಿನಲ್ಲಿ ಪ್ರಾಧ್ಯಾಪಕರು. ‘ಮಧ್ಯ ಏಷ್ಯಾದ ಇತಿಹಾಸ’ಕ್ಕೆ 1958ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ.

ಇಷ್ಟನ್ನು ಹೊಗಳಿ ಕೈಮುಗಿದುಬಿಟ್ಟರೆ ಸತ್ಯಕ್ಕೆ ಅಪಚಾರವಾಗುತ್ತದೆ. ಬಾಲ್ಯದಲ್ಲಿ ಹಿರಿಯರು ಮಾಡಿದ ಮದುವೆಯನ್ನು ಅವರು ಒಪ್ಪಲಿಲ್ಲ. ತಪ್ಪು ಹಿರಿಯರದು, ನಿಜ. ಆದರೂ ಹಳ್ಳಿಯಲ್ಲಿ ಉಳಿದ ಆ ಹೆಣ್ಣುಮಗಳ ಬಾಳನ್ನು ಯಾವ ಗ್ರಂಥವೂ ತುಂಬಿಕೊಡಲಾರದು. 1947ರಲ್ಲಿ ರಷ್ಯಾದಲ್ಲಿ ಪತ್ನಿಯನ್ನೂ ಪುತ್ರನನ್ನೂ ಬಿಟ್ಟು ಬಂದುದೂ ಹಾಗೆಯೇ. ಸಂಚಾರಿಯ ಸ್ವಾತಂತ್ರ್ಯದ ಬೆಲೆಯನ್ನು ಮನೆಯಲ್ಲಿದ್ದವರು ತೆತ್ತರು. ಈ ಲೆಕ್ಕವನ್ನು ನಾವು ಮರೆಮಾಚಬಾರದು.

ಆದರೆ ಅವರ ಪಾಂಡಿತ್ಯವನ್ನು ಪೋಷಿಸಿದವರು ಯಾರೆಂಬ ಪ್ರಶ್ನೆ ಬಂದಾಗ ನನ್ನ ದೃಷ್ಟಿ ಮತ್ತೆ ಕೆಲಣಿಯದ ಆ ಮಠಶಾಲೆಯತ್ತಲೇ ತಿರುಗುತ್ತದೆ. ಅರ್ಹತಾಪತ್ರ ಕೇಳುವ ಬದಲು ಒಂದು ಶ್ಲೋಕವನ್ನು ವಿವರಿಸಲು ಹೇಳಿ ಅಧ್ಯಾಪಕನನ್ನು ಪರೀಕ್ಷಿಸುವ ಧೈರ್ಯ ಇಂದಿನ ನಮ್ಮ ಆಡಳಿತ ಮಂಡಳಿಗಳಿಗೆ ಇದೆಯೇ? ಸರಕಾರದ ನಿಯಮಗಳು ಬಿಡುವುದಿಲ್ಲವೆಂಬ ಉತ್ತರ ಸಿದ್ಧವಾಗಿದೆ. ಅನುದಾನದ ಹುದ್ದೆಗಳ ಮಟ್ಟಿಗೆ ಅದು ಸರಿಯೂ ಹೌದು. ಆದರೆ ವರ್ಷಕ್ಕೆ ಮೂರು ತಿಂಗಳು ಒಬ್ಬ ವಿದ್ವಾಂಸನನ್ನೋ ಕುಶಲಕರ್ಮಿಯನ್ನೋ ಪ್ರಸಾದನಿಲಯದಲ್ಲಿರಿಸಿಕೊಂಡು ಮಕ್ಕಳೊಡನೆ ಬೆರೆಯಬಿಡಲು ಯಾವ ನಿಯಮವೂ ಅಡ್ಡಬರುವುದಿಲ್ಲ. ದಾನಿಗಳು ಕೊಠಡಿ ಕಟ್ಟಿಸಿ ಬಾಗಿಲ ಮೇಲೆ ಹೆಸರು ಕೆತ್ತಿಸುವುದು ಒಳ್ಳೆಯದೇ. ಒಬ್ಬ ಶಿಕ್ಷಕನ ಅಧ್ಯಯನ ಪ್ರವಾಸದ ಖರ್ಚನ್ನೂ, ಅವನು ತರುವ ಪುಸ್ತಕಗಳ ಖರ್ಚನ್ನೂ ಹೊರುವ ದಾನಿಗಳು ಮುಂದೆ ಬಂದರೆ ಇನ್ನೂ ಒಳ್ಳೆಯದು. ಅಲ್ಲಿ ಕೆತ್ತಿಸಲು ಗೋಡೆಯಿರುವುದಿಲ್ಲ, ಅಷ್ಟೆ.

ವಿದ್ಯಾಲಂಕಾರ ಪಿರಿವೆನವು 1959ರಲ್ಲಿ ವಿಶ್ವವಿದ್ಯಾಲಯವಾಯಿತು. ಅರವತ್ತಾರರ ರಾಹುಲರನ್ನು ಅದು ಮತ್ತೆ ಕರೆಯಿತು, ಈ ಬಾರಿ ದರ್ಶನಶಾಸ್ತ್ರ ಬೋಧಿಸಲು. ಅವರು ಹೋದರು. 1961ರ ಕೊನೆಯಲ್ಲಿ ಪಾರ್ಶ್ವವಾಯುವಿನ ಆಘಾತದಿಂದ ಸ್ಮೃತಿ ನಷ್ಟವಾಯಿತು. ಅನೇಕ ಭಾಷೆಗಳನ್ನು ಆಡುತ್ತಿದ್ದ ನಾಲಿಗೆ ಪದಗಳಿಗಾಗಿ ತಡಕಾಡಿತು. ಮಾಸ್ಕೋದಲ್ಲಿ ಮಾಡಿಸಿದ ಚಿಕಿತ್ಸೆ ಫಲಿಸಲಿಲ್ಲ. 1963ರ ಏಪ್ರಿಲ್ 14ರಂದು ಹಿಮಾಲಯದ ಸೆರಗಿನ ಡಾರ್ಜಿಲಿಂಗಿನಲ್ಲಿ ಅವರು ತೀರಿಕೊಂಡರು.